ಬಿತ್ತಿದವನು ಕಾದಿರುವನು

(ಧ್ಯಾನಭಾಗ: ಯಾಕೋಬನ ಪತ್ರಿಕೆ, 5ನೆಯ ಅಧ್ಯಾಯ, 7 ಮತ್ತು 8ನೆಯ ವಚನಗಳು)



ಭಕ್ತನಾದ ಯಾಕೋಬನು ಕಷ್ಟದಲ್ಲಿದ್ದ ವಿಶ್ವಾಸಿಗಳಿಗೆ ಧೈರ್ಯ ಹೇಳುವಾಗ ಅರಸನನ್ನಾಗಲಿ ಪಂಡಿತನನ್ನಾಗಲಿ ಮಾದರಿಯಾಗಿ ತೋರಿಸಲಿಲ್ಲ. ಹೊಲದಲ್ಲಿ ದುಡಿಯುವ ಬೇಸಾಯಗಾರನನ್ನು ತೋರಿಸಿ, ಎರಡು ಮಳೆಗಳ ನಡುವೆ ಅವನು ತಾಳಿಕೊಂಡಿರುವ ರೀತಿಯನ್ನು ಕಲಿತುಕೊಳ್ಳಿರೆಂದು ಬುದ್ಧಿ ಹೇಳಿದನು. ಪಲಸ್ತೀನ ದೇಶದಲ್ಲಿ ಮೊದಲನೆಯ ಮಳೆಯು ಅಕ್ಟೋಬರ್ ನವೆಂಬರ್ ತಿಂಗಳುಗಳಲ್ಲಿ ಬಿದ್ದು, ಬೇಸಗೆಯಲ್ಲಿ ಕಲ್ಲಾಗಿದ್ದ ನೆಲವನ್ನು ಬಿತ್ತನೆಗೆ ಮೆತ್ತಗೆ ಮಾಡುವುದು. ಕಡೆಯ ಮಳೆಯು ಮಾರ್ಚ್ ಏಪ್ರಿಲ್ ತಿಂಗಳುಗಳಲ್ಲಿ ಬಿದ್ದು ತೆನೆಯ ಕಾಳನ್ನು ತುಂಬಿಸುವುದು. ಒಂದು ಬಂದು ಇನ್ನೊಂದು ಬಾರದಿದ್ದರೆ ಬೆಳೆಯಿಲ್ಲ.

ನಮ್ಮ ಸೀಮೆಯಲ್ಲಿ ತಿಂಗಳುಗಳು ಬೇರೆಯಾದರೂ ಕಾಯುವಿಕೆ ಒಂದೇ. ರೋಹಿಣಿ ಮಳೆಗೆ ಹೊಲವನ್ನು ಹದಮಾಡಿ, ಮೃಗಶಿರ ಮಳೆಗೆ ಕೂರಿಗೆ ಹೂಡಿದ ಮೇಲೆ, ಮುಗಿಲು ಪಡುವಣದಿಂದ ಬಂದು ನಮ್ಮ ತಲೆಯ ಮೇಲೆಯೇ ಹಾದುಹೋಗುವ ದಿನಗಳು ಎಷ್ಟೋ ಉಂಟು. ಕೊಂಡಜ್ಜಿಯ ಗುಡ್ಡಗಳ ಮಗ್ಗುಲಲ್ಲಿರುವ ಕೆರೆಯ ನೀರು ದಡದಿಂದ ಹಿಂದೆ ಸರಿಯುವಾಗ ಅದನ್ನು ನೋಡುವವರ ಮನಸ್ಸೂ ಕುಗ್ಗುವುದು. ಭದ್ರಾ ನಾಲೆಯ ಕೊನೆಯ ಭಾಗದಲ್ಲಿ ಗದ್ದೆಯುಳ್ಳ ಹರಿಹರ ತಾಲ್ಲೂಕಿನವನು ಸಸಿಮಡಿಯನ್ನು ನೋಡುತ್ತಾ, ಲಕ್ಕವಳ್ಳಿಯಲ್ಲಿ ಬಿಟ್ಟ ನೀರು ತನ್ನ ತೂಬಿಗೆ ಎಂದು ಮುಟ್ಟುವುದೋ ಎಂದು ದಿನ ಎಣಿಸುವನು. ಮೇಲಣ ಊರುಗಳಿಗೆ ಮೊದಲು, ಅವನಿಗೆ ಕೊನೆಗೆ. ಆದಕಾರಣ ಯಾಕೋಬನ ಮಾತು ನಮಗೆ ಹೊಸದಲ್ಲ.

ಆದರೆ ನಾವು ನೀರಿಗಾಗಿ ಮಾತ್ರ ಕಾಯುವವರಲ್ಲ. ಕ್ರಿಸ್ತನನ್ನು ನಂಬಿದ ಮನೆಗೂ ಜ್ವರ ಬರುವುದು. ಮಗಳಿಗೆ ಸಂಬಂಧ ಕೂಡಿಬರುವುದಿಲ್ಲ. ಓದಿದ ಮಗನಿಗೆ ಕೆಲಸ ಸಿಕ್ಕುವುದಿಲ್ಲ. ಗಂಡನು ಕುಡಿತವನ್ನು ಬಿಡಲೆಂದು ಹೆಂಡತಿಯು ವರುಷಗಟ್ಟಲೆ ಕಣ್ಣೀರಿನಿಂದ ಪ್ರಾರ್ಥಿಸುವಳು. ಆಗ ನೆಂಟರಿಷ್ಟರು, “ಹಿರಿಯರ ದಾರಿಯನ್ನು ಬಿಟ್ಟಿರಲ್ಲಾ, ನಿಮಗೆ ಏನು ದೊರಕಿತು?” ಎಂದು ಕೇಳುವರು. ಹಗಲಲ್ಲಿ ಅವರಿಗೆ ಉತ್ತರ ಕೊಟ್ಟವನು ಸಹ ರಾತ್ರಿಯಲ್ಲಿ ಅದೇ ಪ್ರಶ್ನೆಯನ್ನು ತನಗೆ ತಾನೇ ಕೇಳಿಕೊಳ್ಳುವುದುಂಟು. ಹೀಗೆ ಕೇಳಿಕೊಳ್ಳುವವನು ಅವಿಶ್ವಾಸಿಯೆಂದು ನಾವು ಹೇಳುವುದಿಲ್ಲ. ಆದರೆ ಅಂಥ ರಾತ್ರಿಗಳಿಗೆ ದೇವರ ವಾಕ್ಯದಲ್ಲಿ ಏನು ಉತ್ತರವುಂಟೆಂದು ನೋಡೋಣ.

ಮೊದಲನೆಯದಾಗಿ, ಕಾಯುವುದೆಂದರೆ ಸುಮ್ಮನೆ ಕೂಡ್ರುವುದಲ್ಲ. ಬಿತ್ತಿದ ಬೇಸಾಯಗಾರನು ಜಗುಲಿಯ ಮೇಲೆ ಮಲಗುವುದಿಲ್ಲ. ಎಡೆಕುಂಟೆ ಹೊಡೆಯುವನು, ಕಳೆ ಕೀಳುವನು, ಬದು ಕಟ್ಟುವನು, ಹಕ್ಕಿಯನ್ನು ಓಡಿಸುವನು. ಮಳೆಯನ್ನು ಕರೆಯುವುದು ಅವನ ಕೈಯಲ್ಲಿಲ್ಲ. ಬಂದ ಮಳೆಯು ಹೊಲದಲ್ಲಿ ನಿಲ್ಲುವಂತೆ ಮಾಡುವುದು ಅವನ ಕೈಯಲ್ಲಿದೆ. ಹಾಗೆಯೇ ರೋಗಿಯನ್ನು ಮನೆಯಲ್ಲಿ ಮಲಗಿಸಿಕೊಂಡು, “ದೇವರು ಗುಣಮಾಡುವನು” ಎಂದು ಆಸ್ಪತ್ರೆಗೆ ಹೋಗದಿರುವುದು ತಾಳ್ಮೆಯಲ್ಲ. ಅನ್ಯಾಯವಾದ ಕಡೆಯಲ್ಲಿ ಬಾಯಿ ಮುಚ್ಚಿಕೊಂಡಿರುವುದೂ ತಾಳ್ಮೆಯಲ್ಲ. ಕರ್ತನು ಹೇಳಿದ ಸಾಮ್ಯದಲ್ಲಿ ಆ ವಿಧವೆಯು ನ್ಯಾಯಾಧಿಪತಿಯ ಬಾಗಿಲಿಗೆ ಮತ್ತೆ ಮತ್ತೆ ಹೋಗುತ್ತಿದ್ದಳಲ್ಲವೇ? ಅವಳು ಕಾದಳು, ಕೇಳುತ್ತಲೂ ಇದ್ದಳು.

ಎರಡನೆಯದಾಗಿ, ಕಾಯುವ ಕಾಲವೇ ಬೇರು ಬಿಡುವ ಕಾಲ. ಎರೆಹೊಲದ ಹಿಂಗಾರಿ ಜೋಳವನ್ನು ನೋಡಿರಿ. ಮಳೆ ನಿಂತುಹೋಗಿ, ಮೇಲಣ ಮಣ್ಣು ಬಿರುಕುಬಿಟ್ಟರೂ ಅದು ಹಸುರಾಗಿ ನಿಲ್ಲುವುದು. ಯಾಕಂದರೆ ಮಣ್ಣಿನ ಆಳದಲ್ಲಿ ಉಳಿದಿರುವ ತೇವವನ್ನು ಅದರ ಬೇರು ಹುಡುಕಿಕೊಂಡು ಹೋಗಿರುವುದು. ಮಾರ್ಕನ ಸುವಾರ್ತೆಯ 4ನೆಯ ಅಧ್ಯಾಯದಲ್ಲಿ ಕರ್ತನು ಹೇಳಿದ ಸಾಮ್ಯವೂ ಇದೇ: ಬಿತ್ತಿದವನು ಮಲಗಿ ಏಳುತ್ತಿರುವಾಗ, ಬೀಜವು ಅವನಿಗೆ ತಿಳಿಯದ ರೀತಿಯಲ್ಲಿ ಮೊಳೆತು, ಗರಿಯಾಗಿ, ತೆನೆಯಾಗಿ, ಕಾಳಾಗುವುದು. ಬೇರು ಇಳಿಯಿತೇ ಎಂದು ದಿನಕ್ಕೊಂದು ಸಾರಿ ಸಸಿಯನ್ನು ಕಿತ್ತು ನೋಡುವವನಿಗೆ ಬೆಳೆಯಾಗದು. ಹೋದ ವರುಷ ಬೈಗುಳಕ್ಕೆ ಬೈಗುಳ ಹಿಂದಿರುಗಿಸಿದವನು ಈ ವರುಷ ತಡೆದುಕೊಂಡರೆ, ಅದು ಮೊಳಕೆಯೇ. ತನಗಾಗಿ ಮಾತ್ರ ಪ್ರಾರ್ಥಿಸುತ್ತಿದ್ದವಳು ನೆರೆಯವಳ ಮಗುವಿನ ಹೆಸರನ್ನೂ ಪ್ರಾರ್ಥನೆಯಲ್ಲಿ ಸೇರಿಸಿದರೆ, ಅದು ಗರಿಯೇ.

ಈ ದಿನ ನಾವು ಕನ್ನಡದಲ್ಲಿ ಓದುವ ಸತ್ಯವೇದವೂ ಇಂಥ ಕಾಯುವಿಕೆಯ ಫಲವೇ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಎಂಬವರು 1810ರಲ್ಲಿ ಬಳ್ಳಾರಿಗೆ ಬಂದು, ನಮ್ಮ ಭಾಷೆಯನ್ನು ಕಲಿತು, ಭಾಷಾಂತರಕ್ಕೆ ಕೈಹಾಕಿದರು. ಸಂಪೂರ್ಣ ಸತ್ಯವೇದವು ಕನ್ನಡದಲ್ಲಿ ಮುಗಿದದ್ದು 1831ರಲ್ಲಿ. ನಡುವೆ 21 ವರುಷ! ಬಾಸೆಲ್ ಮಿಷನ್ನಿನ ಕಿಟ್ಟೆಲ್ ದೊರೆಗಳು ಈ ದೇಶಕ್ಕೆ ಬಂದದ್ದು 1853ರಲ್ಲಿ. ಅವರ ನಿಘಂಟು ಹೊರಬಂದದ್ದು 1894ರಲ್ಲಿ. ಒಂದೊಂದು ಮಾತನ್ನು ಕೇಳಿ, ಬರೆದು, ತಿದ್ದಿದ ಆ ವರುಷಗಳು ಹಾಳಾದವೆಂದು ಈಗ ಯಾರು ಹೇಳಬಲ್ಲರು?

ಮೂರನೆಯದಾಗಿ, ಕಾಯಲಾರದವನು ಕೈಗೆ ಬಂದದ್ದನ್ನೇ ಕಳೆದುಕೊಳ್ಳುವನು. ಗಿಲ್ಗಾಲಿನಲ್ಲಿ ಅರಸನಾದ ಸೌಲನು ಸಮುವೇಲನಿಗಾಗಿ ಏಳು ದಿವಸ ಕಾದನು. ಶತ್ರುಗಳು ಎದುರಿಗಿದ್ದರು, ಜನರು ಚದರಿಹೋಗುತ್ತಿದ್ದರು, ಪ್ರವಾದಿಯು ಕಾಣಲಿಲ್ಲ. ಆಗ ಸೌಲನು ತನ್ನದಲ್ಲದ ಕೆಲಸಕ್ಕೆ ಕೈಹಾಕಿ, ತಾನೇ ಯಜ್ಞವನ್ನು ಅರ್ಪಿಸಿದನು. ಅರ್ಪಿಸಿ ಮುಗಿಸುವಷ್ಟರಲ್ಲಿ ಸಮುವೇಲನು ಬಂದೇಬಿಟ್ಟನು. ಎಷ್ಟು ಸ್ವಲ್ಪ ಹೊತ್ತು ಉಳಿದಿತ್ತು! ಆ ಸ್ವಲ್ಪ ಹೊತ್ತಿಗಾಗಿ ಅವನ ಮನೆಗೆ ರಾಜ್ಯವು ಸ್ಥಿರವಾಗದೆ ಹೋಯಿತು. ಪ್ರಿಯರೇ, ನಮ್ಮಲ್ಲಿಯೂ ಏಳನೆಯ ದಿನದ ಶೋಧನೆ ಉಂಟು. ಬಿತ್ತನೆಯ ಬೀಜವನ್ನೇ ಮಾರಿ ತಿನ್ನುವ ಯೋಚನೆ, ಮದುವೆಯ ಆತುರಕ್ಕೆ ಹೊಲವನ್ನು ಒತ್ತೆಯಿಡುವ ಯೋಚನೆ, ಬಿಟ್ಟುಬಂದ ಹರಕೆಗೆ ಯಾರೂ ಕಾಣದಂತೆ ತಿರುಗಿ ಹೋಗುವ ಯೋಚನೆ, ಇವೆಲ್ಲಾ ಬರುವುದು ಆ ದಿನದಲ್ಲಿಯೇ. ಆ ದಿನ ಏನನ್ನೂ ತೀರ್ಮಾನಿಸದೆ, ಮೊದಲು ಒಬ್ಬ ಹಿರಿಯ ವಿಶ್ವಾಸಿಯ ಮನೆಗೆ ಹೋಗಿ ನಿಮ್ಮ ಮಾತನ್ನು ಹೇಳಿಕೊಳ್ಳಿರಿ.

ನಾಲ್ಕನೆಯದಾಗಿ, ಫಲವನ್ನು ಕಾಣದೆ ತೀರಿಹೋದವನೂ ವ್ಯರ್ಥವಾಗಿ ಕಾದವನಲ್ಲ. ಇದು ಕಠಿಣವಾದ ಮಾತು, ಆದರೂ ಹೇಳಲೇಬೇಕು. ಸಿಮೆಯೋನನು ಮುಪ್ಪಿನಲ್ಲಿ ಶಿಶುವಾದ ಯೇಸುವನ್ನು ಕೈಯಲ್ಲಿ ಎತ್ತಿಕೊಂಡನು. ಎಲ್ಲರಿಗೂ ಹಾಗೆ ಆಗುವುದಿಲ್ಲ. ಮಿಷನ್ನುಗಳ ಬೇರೆ ಬೇರೆ ಹೆಸರಿನಿಂದ ಹರಿದುಹೋಗಿದ್ದ ದಕ್ಷಿಣ ದೇಶದ ಸಭೆಗಳು ಒಂದಾಗಬೇಕೆಂದು 1919ರಲ್ಲಿ ತರಂಗಂಬಾಡಿಯಲ್ಲಿ ಕೂಡಿದವರು ಕರೆಕೊಟ್ಟರು. ಅವರಲ್ಲಿ ಮುಂದಾಳುಗಳಾಗಿದ್ದವರು ದೋರ್ನಕಲ್ಲಿನ ಬಿಷಪ್ ಅಜರಯ್ಯನವರು. ಮಾತುಕತೆ, ತಕರಾರು, ನಿಧಾನ, ಹೀಗೆ 28 ವರುಷ ಕಳೆಯಿತು. 1947ನೆಯ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ದಕ್ಷಿಣ ಇಂಡಿಯಾ ಸಭೆಯು ಸ್ಥಾಪಿತವಾದಾಗ ಅಜರಯ್ಯನವರು ಅಲ್ಲಿರಲಿಲ್ಲ. 1945ನೆಯ ಜನವರಿ 1ರಂದೇ ಅವರು ಕರ್ತನಲ್ಲಿ ನಿದ್ರೆಹೋಗಿದ್ದರು. ಅವರು ಬಿತ್ತಿದರು, ಬೇರೆಯವರು ಕೊಯ್ದರು. ಮಗನಿಗಾಗಿ ಪ್ರಾರ್ಥಿಸಿ, ಅವನ ಮನಸ್ಸು ತಿರುಗುವುದನ್ನು ಕಾಣದೆ ಕಣ್ಣು ಮುಚ್ಚಿದ ತಾಯಿಯ ಪ್ರಾರ್ಥನೆಯೂ ಮಣ್ಣಿನಲ್ಲಿ ಹುಗಿದ ಬೀಜವೇ. ಅದರ ಮೇಲೆ ಮಳೆ ಸುರಿಸುವ ದೇವರು ತೀರಿಹೋಗುವವನಲ್ಲ.

ಆದದರಿಂದ ಈ ಕಾಲದಲ್ಲಿ ನಾವು ಮಾಡತಕ್ಕದ್ದು ಇಷ್ಟು. ದೀಪ ಹಚ್ಚುವ ಹೊತ್ತಿನಲ್ಲಿ ಮನೆಯವರೆಲ್ಲರೂ ಕೂಡಿ ವೇದಪಾಠವನ್ನು ಓದಿರಿ. ಓದುಬಾರದ ಮನೆಯಲ್ಲಿ ಶಾಲೆಗೆ ಹೋಗುವ ಮಗುವು ಓದಲಿ. ಮನಸ್ಸು ಒಣಗಿದ ಭಾನುವಾರದಲ್ಲಿಯೇ ಆರಾಧನೆಗೆ ತಪ್ಪದೆ ಬನ್ನಿರಿ. ಹಾಡಲು ಬಾಯಿ ಬಾರದಿದ್ದರೆ ಬೇರೆಯವರ ಹಾಡನ್ನು ಕೇಳುತ್ತಾ ಕೂಡ್ರಿರಿ. ಒಲೆ ಹಚ್ಚುವಾಗ ತೆಗೆದಿಡುವ ಹಿಡಿ ಅಕ್ಕಿಯನ್ನು ನಿಲ್ಲಿಸಬೇಡಿರಿ. ನಿಮ್ಮ ಮನೆಯಲ್ಲಿಯೇ ಅಕ್ಕಿಯಿಲ್ಲದಿದ್ದರೆ ಸಂಕೋಚಪಡದೆ ಸಭೆಯ ಹಿರಿಯರಿಗೆ ತಿಳಿಸಿರಿ, ಆ ಹಿಡಿ ಅಕ್ಕಿಯು ನಿಮಗೂ ಸೇರಿದ್ದೇ. ಕಾಯುತ್ತಿರುವ ನೆರೆಯವನನ್ನು, “ನಿನ್ನ ನಂಬಿಕೆ ಸಾಲದು” ಎಂದು ಚುಚ್ಚಬೇಡಿರಿ. ಅವನ ಪಕ್ಕದಲ್ಲಿ ಕುಳಿತುಕೊಳ್ಳಿರಿ.

ನಾಲೆಯ ಕೊನೆಗೆ ತಡವಾಗಿ ಬರುವ ನೀರು ಬೇರೆ ನೀರಲ್ಲ. ಮೊದಲನೆಯ ತೂಬಿಗೆ ಹರಿದ ನೀರೇ. ಹಾಗೆಯೇ ತಡವಾಗಿ ಬರುವ ಕೃಪೆಯು ಕಡಿಮೆಯಾದ ಕೃಪೆಯಲ್ಲ. ನಾವು ಆತನಿಗಾಗಿ ಕಾಯುವುದಕ್ಕಿಂತ ಬಹುಕಾಲದಿಂದ ಆತನು ನಮಗಾಗಿ ಕಾದಿದ್ದಾನೆ.

ಪ್ರಾರ್ಥನೆ: ದಯಾಳುವಾದ ತಂದೆಯೇ, ಮಳೆಯೂ ಬೆಳೆಯೂ ನಿನ್ನವು, ನಾವೂ ನಿನ್ನವರೇ. ಮುಗಿಲು ಕಾಣದ ದಿನಗಳಲ್ಲಿ ನಮ್ಮ ಬೇರನ್ನು ಆಳಕ್ಕೆ ಇಳಿಸು. ಏಳನೆಯ ದಿನದ ಆತುರದಿಂದ ನಮ್ಮನ್ನು ಕಾಪಾಡು. ಕಾದು ಸೋತವರನ್ನು ನಮ್ಮ ಕೈಗಳಿಂದ ಎತ್ತು. ನಮ್ಮ ಕರ್ತನಾದ ಯೇಸು ಕ್ರಿಸ್ತನ ಮೂಲಕ ಬೇಡುತ್ತೇವೆ. ಆಮೆನ್.