ಆರು ಮಂಚಕ್ಕೂ ಗೊತ್ತಾಯಿತು

ಡಿಸ್ಚಾರ್ಜ್ ಅಂತ ಬೆಳಿಗ್ಗೆ ಒಂಬತ್ತಕ್ಕೇ ಹೇಳಿದ್ದರು. ಬಿಲ್ಲು, ಸಹಿ, ಔಷಧಿ ಚೀಟಿ ಎಲ್ಲ ಮುಗಿಯುವಷ್ಟರಲ್ಲಿ ಮಧ್ಯಾಹ್ನ ಎರಡೂವರೆ. ಚಿಕ್ಕಪ್ಪ ಒಗೆದ ಪಂಚೆ ಉಟ್ಟು, ಫ್ಲಾಸ್ಕನ್ನು ಬ್ಯಾಗಿಗೆ ಹಾಕಿ, ಮಂಚದ ಅಂಚಿನಲ್ಲಿ ಕೂತಿದ್ದರು. ಸಿಸ್ಟರ್ ಫೈಲು ಹಿಡಿದು ಬಂದರು. ಚಿಕ್ಕಪ್ಪನಿಗೆ ಕಿವಿ ಸ್ವಲ್ಪ ಮಂದ. ಹಾಗಾಗಿ ಜೋರಾಗಿಯೇ ಹೇಳಿದರು: ‘ತಾತಾ, ಈ ಮಾತ್ರೆ ಟಿಬಿದು. ಆರು ತಿಂಗಳು ಒಂದಿನಾನೂ ತಪ್ಪಿಸ್ಬಾರ್ದು. ಗೊತ್ತಾಯ್ತಾ?’

ಗೊತ್ತಾಯಿತು. ವಾರ್ಡಿನ ಆರು ಮಂಚಕ್ಕೂ ಗೊತ್ತಾಯಿತು. ಮೂರು ದಿನದಿಂದ ನಮ್ಮ ಜೊತೆ ಉಪ್ಪಿನಕಾಯಿ ಹಂಚಿಕೊಂಡು ಉಣ್ಣುತ್ತಿದ್ದ ಪಕ್ಕದ ಮಂಚದ ಹೆಂಗಸು, ಸ್ಟೂಲಿನ ಮೇಲಿದ್ದ ತನ್ನ ಊಟದ ಡಬ್ಬಿಯನ್ನು ಮೆಲ್ಲಗೆ ಎತ್ತಿ ಆಚೆ ಬದಿಗೆ ಇಟ್ಟುಕೊಂಡಳು. ಚಿಕ್ಕಪ್ಪ ಅದನ್ನು ನೋಡಿದರು. ನಾನು ನೋಡದವನಂತೆ ಚಪ್ಪಲಿ ಹುಡುಕತೊಡಗಿದೆ.

ಅವರಿಗಿದ್ದದ್ದು ಕುತ್ತಿಗೆಯ ಗಂಟಿನ ಟಿಬಿ. ಶ್ವಾಸಕೋಶದ ಟಿಬಿಯ ಹಾಗೆ ಕೆಮ್ಮಿನಿಂದ ಅಂಟುವಂಥದ್ದಲ್ಲ. ಆದರೆ ಅದನ್ನು ಆಕೆಗೆ ಹೇಳಿ ಸಮಾಧಾನ ಮಾಡಲು ಹೋದರೆ ಇನ್ನಷ್ಟು ಬಯಲು ಮಾಡಿದಂತೆ. ಗುಟ್ಟು ಒಮ್ಮೆ ಚೆಲ್ಲಿದರೆ ಬಳಿದು ತುಂಬಲು ಬರುವುದಿಲ್ಲ.

ಸಿಸ್ಟರ್ ಮೇಲೆ ನನಗೆ ಸಿಟ್ಟಿಲ್ಲ. ಮಾತ್ರೆ ವಿವರಿಸಿ ಹೇಳಲೇಬೇಕು. ಅರ್ಧಕ್ಕೆ ಬಿಟ್ಟ ಟಿಬಿ ಔಷಧಿ ರೋಗಕ್ಕಿಂತ ಅಪಾಯ. ಅವರ ಕೈಲಿ ಇನ್ನೂ ನಾಲ್ಕು ಫೈಲುಗಳಿದ್ದವು. ಆದರೂ ಪರದೆ ಅಲ್ಲೇ ಇತ್ತು, ಕಂಬಿಗೆ ಕಟ್ಟಿಕೊಂಡು. ಇಂಜೆಕ್ಷನ್ ಕೊಡುವಾಗ ತಪ್ಪದೆ ಎಳೆಯುತ್ತಿದ್ದ ಪರದೆ ಕಾಯಿಲೆಯ ಹೆಸರು ಹೇಳುವಾಗ ಯಾರಿಗೂ ನೆನಪಾಗಲಿಲ್ಲ. ಮೈ ಮುಚ್ಚಬೇಕು ಅನ್ನುವುದು ನಮಗೆ ರೂಢಿ. ಮಾತು ಮುಚ್ಚುವುದು ಇನ್ನೂ ರೂಢಿಯಾಗಿಲ್ಲ.

2012ರಿಂದ ಟಿಬಿ ರೋಗಿಯ ವಿವರವನ್ನು ವೈದ್ಯರು ಸರ್ಕಾರಕ್ಕೆ ತಿಳಿಸಲೇಬೇಕು. ಸರಿಯಾದದ್ದೇ, ಚಿಕಿತ್ಸೆ ತಪ್ಪದಂತೆ ನೋಡಿಕೊಳ್ಳಲು ಅದು ಬೇಕು. ಹೇಳಬೇಕಾದವರ ಪಟ್ಟಿಯಲ್ಲಿ ಆರೋಗ್ಯ ಇಲಾಖೆ ಇದೆ, ಪಕ್ಕದ ಮಂಚ ಇಲ್ಲ.

ಕಾನೂನಿಗೇನೂ ಬರವಿಲ್ಲ. ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಎಂಬತ್ತು ದಾಟಿದ ವಯಸ್ಸಿನಲ್ಲಿ ಆಧಾರ್ ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. ಆ ಪ್ರಕರಣದಲ್ಲೇ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ಹೇಳಿತು. ದಿಲ್ಲಿಯಲ್ಲಿ ಗೆದ್ದ ಹಕ್ಕು ವಾರ್ಡಿನ ಬಾಗಿಲಲ್ಲಿ ಚಪ್ಪಲಿ ಬಿಟ್ಟು ನಿಂತಂತಿದೆ.

ಆಸ್ಪತ್ರೆಯಿಂದ ಹೊರಟು ಎದುರಿನ ಜೆರಾಕ್ಸ್ ಅಂಗಡಿಗೆ ಹೋದೆವು. ವಿಮೆಗೆ ಮೂರು ಪ್ರತಿ ಬೇಕಿತ್ತು. ರಕ್ತಪರೀಕ್ಷೆಯ ರಿಪೋರ್ಟು ಮೊಬೈಲಿನಲ್ಲಿತ್ತು. ‘ಈ ನಂಬರಿಗೆ ವಾಟ್ಸ್‌ಆ್ಯಪ್ ಮಾಡಿ ಸಾರ್’ ಎಂದ ಹುಡುಗ. ಅವನ ಕಂಪ್ಯೂಟರಿನ ಪರದೆಯ ತುಂಬ ಯಾರ‍್ಯಾರದೋ ಡಿಸ್ಚಾರ್ಜ್ ಸಮರಿಗಳು, ಸ್ಕ್ಯಾನಿಂಗ್ ರಿಪೋರ್ಟುಗಳು, ಹೆಸರು ವಯಸ್ಸಿನ ಸಮೇತ. ನಮ್ಮದನ್ನು ಅಳಿಸಪ್ಪ ಎಂದೆ. ‘ಸಂಜೆ ಎಲ್ಲಾ ಒಟ್ಟಿಗೆ ಮಾಡ್ತೀನಿ’ ಎಂದ. ನಿಂತು ಅಳಿಸಿಸಿಕೊಂಡು ಬಂದೆ.

ಮನೆಗೆ ಬಂದರೆ ನಮ್ಮವರೇ ಇನ್ನೊಂದು ಹೆಜ್ಜೆ ಮುಂದೆ. ಬೆಂಗಳೂರಿನ ಅಳಿಯನಿಗೆ ತೋರಿಸಲೆಂದು ಯಾರೋ ಸಮರಿಯ ಫೋಟೊ ತೆಗೆದು ನಲವತ್ತೆರಡು ಜನರಿರುವ ಕುಟುಂಬದ ಗುಂಪಿಗೇ ಹಾಕಿದ್ದರು. ಕಾಳಜಿಯಿಂದಲೇ ಹಾಕಿದ್ದು, ಒಪ್ಪುತ್ತೇನೆ. ಆದರೆ ಯಾರಿಗೆ ಹೇಳಬೇಕು, ಯಾರಿಗೆ ಬೇಡ ಎಂದು ಕಾಯಿಲೆ ಬಿದ್ದವರನ್ನೇ ಕೇಳುವುದು ನಮ್ಮಲ್ಲಿ ಕೊನೆಗೆ, ಅಥವಾ ಕೇಳುವುದೇ ಇಲ್ಲ. ಮಗ ಬಂದಿದ್ದಾನಲ್ಲ, ಅವನಿಗೆ ಹೇಳಿದರಾಯಿತು ಎಂದು ಆಸ್ಪತ್ರೆಯವರೂ ಅಂದುಕೊಳ್ಳುತ್ತಾರೆ, ಮಗನೂ ಅಂದುಕೊಳ್ಳುತ್ತಾನೆ.

ಆರು ತಿಂಗಳಾಯಿತು. ಚಿಕ್ಕಪ್ಪ ಒಂದು ದಿನವೂ ತಪ್ಪಿಸದೆ ಮಾತ್ರೆ ಮುಗಿಸಿದರು, ಗಂಟು ಕರಗಿದೆ. ಇದನ್ನು ಬರೆಯುವ ಮುಂಚೆ ಫೋನ್ ಮಾಡಿ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಬರ್ಕೋ, ನನ್ನ ಹೆಸರು, ಊರಿನ ಹೆಸರು ಹಾಕ್ಬೇಡ’ ಎಂದರು. ಹಾಕಿಲ್ಲ.