ಮೂಕಪ್ರಾಣಿಯ ವಂಶವೂ ಒಂದು ಅಮಾನತ್ತು

ಪ್ರವಾದಿವರ್ಯರ(ಸ) ಬಳಿಗೆ ಒಮ್ಮೆ ಒಬ್ಬ ಗ್ರಾಮೀಣ ಅರಬ ಬಂದ. ತನ್ನ ಪತ್ನಿ ಕಪ್ಪು ಬಣ್ಣದ ಮಗುವನ್ನು ಹೆತ್ತಿದ್ದಾಳೆಂದು ಹೇಳಿದ. ಮಾತು ಅಷ್ಟೇ ಆದರೂ ಅದರ ಹಿಂದಿದ್ದ ಸಂಶಯ ಏನೆಂಬುದು ಸ್ಪಷ್ಟವಾಗಿತ್ತು. ಪ್ರವಾದಿವರ್ಯರು(ಸ) ಅವನನ್ನು ಗದರಿಸಲಿಲ್ಲ. ಅವನ ಬಳಿ ಒಂಟೆಗಳಿವೆಯೇ ಎಂದು ಕೇಳಿದರು. ಇವೆ ಎಂದ. ಅವುಗಳ ಬಣ್ಣ ಯಾವುದು? ಕೆಂಪು. ಅವುಗಳಲ್ಲಿ ಬೂದುಬಣ್ಣದ್ದೂ ಉಂಟೇ? ಉಂಟು. ಹಾಗಾದರೆ ಆ ಬಣ್ಣ ಎಲ್ಲಿಂದ ಬಂತು? ಬಹುಶಃ ಹಿಂದಿನ ಯಾವುದೋ ವಂಶದ ಎಳೆ ಅದನ್ನು ಎಳೆದಿರಬೇಕು ಎಂದು ಆತ ಉತ್ತರಿಸಿದ. ನಿನ್ನ ಮಗುವಿನ ವಿಷಯದಲ್ಲೂ ಹಾಗೆಯೇ ಆಗಿರಬಹುದಲ್ಲವೇ ಎಂದು ಪ್ರವಾದಿವರ್ಯರು(ಸ) ತಿಳಿಸಿದರು. ಅಬೂ ಹುರೈರಾ(ರ) ವರದಿ ಮಾಡಿದ ಈ ಹದೀಸ್ ಬುಖಾರಿ ಮತ್ತು ಮುಸ್ಲಿಮ್ ಎರಡರಲ್ಲೂ ಇದೆ.

ಓರ್ವ ಸ್ತ್ರೀಯ ಮಾನವನ್ನು ಸಂಶಯದಿಂದ ಕಾಪಾಡುವುದೇ ಈ ಹದೀಸ್‌ನ ಮುಖ್ಯ ಪಾಠ. ಇದರಲ್ಲಿ ಆಧುನಿಕ ವಿಜ್ಞಾನವನ್ನು ಹುಡುಕಿ ತೆಗೆಯುವ ಉತ್ಸಾಹ ನಮಗಿಲ್ಲ. ಆದರೆ ಒಂದು ಮಾತು ಗಮನಾರ್ಹ. ತಂದೆತಾಯಿಗಳಲ್ಲಿ ಕಣ್ಣಿಗೆ ಕಾಣದ ಗುಣ ಮರಿಯಲ್ಲಿ ಕಾಣಿಸಿಕೊಳ್ಳಬಹುದು ಎಂಬುದು ಒಂಟೆ ಸಾಕುವ ಆ ಸಾಮಾನ್ಯ ಅರಬನಿಗೂ ಗೊತ್ತಿತ್ತು. ಇಂದು ಪೇಟೆಯಲ್ಲಿ ಪ್ರಾಣಿಗಳ ಮರಿ ಮಾಡಿಸಿ ಮಾರುವ ಅನೇಕರು ಇದನ್ನು ತಿಳಿದಿಲ್ಲ. ಕೆಲವರು ತಿಳಿದೂ ತಿಳಿಯದವರಂತೆ ಇದ್ದಾರೆ.

ನಾಯಿಗಳ ವಿಚಾರವನ್ನೇ ತೆಗೆದುಕೊಳ್ಳೋಣ. ನಮ್ಮ ಮನೆಗಳಿಗೂ ನಾಯಿಗಳಿಗೂ ಏನು ಸಂಬಂಧವೆಂದು ಕೆಲವು ಓದುಗರಿಗೆ ಅನ್ನಿಸಬಹುದು. ಬೇಟೆ, ಕುರಿಕಾವಲು ಮತ್ತು ಹೊಲದ ಕಾವಲಿಗಲ್ಲದೆ ನಾಯಿ ಸಾಕುವವರ ಸತ್ಕರ್ಮದ ಪ್ರತಿಫಲ ದಿನವೂ ಕಡಿಮೆಯಾಗುತ್ತದೆಂಬ ಹದೀಸ್ ಎಲ್ಲರಿಗೂ ತಿಳಿದದ್ದೇ. ನಾಯಿಯ ಮಾರಾಟದ ಹಣದ ಬಗ್ಗೆಯೂ ಹದೀಸ್‌ನಲ್ಲಿ ನಿಷೇಧವಿದೆ. ಶಾಫಿಈ ಮದ್‌ಹಬ್‌ನಲ್ಲಿ ಈ ಮಾರಾಟವೇ ಸಿಂಧುವಲ್ಲ. ಹನಫೀ ವಿದ್ವಾಂಸರು ಉಪಯೋಗಕ್ಕೆ ಬರುವ ನಾಯಿಯ ಮಾರಾಟವನ್ನು ಅನುಮತಿಸಿದ್ದಾರೆ. ಕರಾವಳಿಯ ಓದುಗರೂ ಬಯಲುಸೀಮೆಯ ಓದುಗರೂ ತಮ್ಮ ತಮ್ಮ ಉಲಮಾಗಳಲ್ಲಿ ಇದನ್ನು ವಿಚಾರಿಸಿಕೊಳ್ಳಲಿ; ಇಲ್ಲಿ ಫತ್ವಾ ಕೊಡುವ ಉದ್ದೇಶವಿಲ್ಲ. ಆದರೆ ಸಾಕುವುದರ ಬಗ್ಗೆ ಭಿನ್ನಾಭಿಪ್ರಾಯವಿದ್ದರೂ ಹಿಂಸಿಸುವುದರ ಬಗ್ಗೆ ಯಾವ ಮದ್‌ಹಬ್‌ನಲ್ಲೂ ಭಿನ್ನಾಭಿಪ್ರಾಯವಿಲ್ಲ. ಬೇಟೆಗೆ ತರಬೇತಿ ಪಡೆದ ಪ್ರಾಣಿಗಳ ಪ್ರಸ್ತಾಪ ಸೂರಃ ಅಲ್ ಮಾಇದದಲ್ಲಿದೆ. ಗುಹಾವಾಸಿಗಳ ಬಾಗಿಲಲ್ಲಿ ಮುಂಗಾಲು ಚಾಚಿ ಮಲಗಿದ್ದ ನಾಯಿ ಸೂರಃ ಅಲ್ ಕಹ್ಫ್‌ನಲ್ಲಿದೆ. ಬಾಯಾರಿದ ನಾಯಿಗೆ ತನ್ನ ಪಾದರಕ್ಷೆಯಲ್ಲಿ ನೀರು ತುಂಬಿ ಕುಡಿಸಿದವನಿಗೆ ಕ್ಷಮೆ ದೊರೆತ ವೃತ್ತಾಂತವನ್ನು ನಮ್ಮ ಮದ್ರಸಾದ ಮಕ್ಕಳೂ ಹೇಳಬಲ್ಲರು.

ಇನ್ನು ನಾಯಿಯೇ ಬೇಡ ಎನ್ನುವ ಮನೆಗಳಲ್ಲಿ ಪರ್ಷಿಯನ್ ಬೆಕ್ಕುಗಳು ಬಂದು ಕುಳಿತಿವೆಯಲ್ಲ! ಅವುಗಳ ಮರಿ ಮಾಡಿಸಿ ಮಾರುವ ನಮ್ಮ ಹುಡುಗರೂ ಕಡಿಮೆಯಿಲ್ಲ. ಆ ಬೆಕ್ಕುಗಳಲ್ಲಿ ಮೂತ್ರಪಿಂಡದ ತುಂಬ ನೀರುಗುಳ್ಳೆಗಳಾಗುವ ಒಂದು ವಂಶಪಾರಂಪರ್ಯ ರೋಗವಿದೆ. ತಂದೆತಾಯಿಗಳಲ್ಲಿ ಒಂದಕ್ಕೆ ಇದ್ದರೂ ಮರಿಗಳಲ್ಲಿ ಅರ್ಧದಷ್ಟಕ್ಕೆ ಬರುವ ಸಂಭವವಿದೆ. ಆದ್ದರಿಂದ ಈ ಲೇಖನವನ್ನು ಪಕ್ಕಕ್ಕಿಡುವ ಮೊದಲು ಸ್ವಲ್ಪ ಯೋಚಿಸಿ.

ಕಣ್ಣಿಗೆ ಕಾಣದ ರೋಗ ಹೇಗೆ ದಾಟುತ್ತದೆಂಬುದಕ್ಕೆ ಲ್ಯಾಬ್ರಡಾರ್ ನಾಯಿ ಒಳ್ಳೆಯ ಉದಾಹರಣೆ. ಈ ತಳಿಯಲ್ಲಿ ಕಣ್ಣಿನ ಒಳಪದರ ಕ್ರಮೇಣ ನಾಶವಾಗುವ ಒಂದು ಕಾಯಿಲೆಯಿದೆ. ಮೊದಲು ರಾತ್ರಿಯ ದೃಷ್ಟಿ ಹೋಗುತ್ತದೆ, ಕೊನೆಗೆ ಪೂರ್ಣ ಕುರುಡು. ಇದಕ್ಕೆ ಚಿಕಿತ್ಸೆಯಿಲ್ಲ. ರೋಗದ ಜೀನ್ ತಂದೆಯಿಂದ ಒಂದು, ತಾಯಿಯಿಂದ ಒಂದು, ಹೀಗೆ ಎರಡು ಸೇರಿದರೆ ಮಾತ್ರ ಮರಿ ಕುರುಡಾಗುತ್ತದೆ. ಒಂದೇ ಇದ್ದರೆ ಆ ನಾಯಿ ಸಾಯುವವರೆಗೂ ಚೆನ್ನಾಗಿಯೇ ಕಾಣುತ್ತದೆ. ಆದರೆ ರೋಗವನ್ನು ಮುಂದಿನ ಪೀಳಿಗೆಗೆ ಹೊತ್ತೊಯ್ಯುತ್ತದೆ. ಹೀಗೆ ಹೊರುವ ಎರಡು ನಾಯಿಗಳನ್ನು ಕೂಡಿಸಿದರೆ ಹುಟ್ಟುವ ಪ್ರತಿ ಮರಿಗೂ ಕುರುಡಾಗುವ ಸಂಭವ ನಾಲ್ಕರಲ್ಲಿ ಒಂದು. ರೋಗ ತೋರುವುದು ವರ್ಷಗಳ ಬಳಿಕ. ಅಷ್ಟರಲ್ಲಿ ಮರಿ ಯಾರದೋ ಮನೆ ಸೇರಿರುತ್ತದೆ, ಮಾರಿದವನು ಮತ್ತೆ ನಾಲ್ಕು ಸಲ ಮರಿ ಮಾಡಿಸಿರುತ್ತಾನೆ. ತನ್ನ ಮರಿಗಳೆಲ್ಲ ಬಲು ಗಟ್ಟಿಯೆಂದು ಆತ ಎದೆ ತಟ್ಟಿ ಹೇಳುತ್ತಾನೆ. ಅವನು ನೋಡಿದ್ದೇ ಅಷ್ಟು. ಕೆನ್ನೆಯ ಒಳಭಾಗವನ್ನು ಸವರಿದ ಹತ್ತಿಯಿಂದಲೋ ಸ್ವಲ್ಪ ರಕ್ತದಿಂದಲೋ ಡಿಎನ್‌ಎ ಪರೀಕ್ಷೆ ಮಾಡಿಸಿದರೆ ಗುಟ್ಟು ಬಯಲಾಗುತ್ತದೆ. ರೋಗ ಹೊರುವ ನಾಯಿಯನ್ನು ತ್ಯಜಿಸಲೇಬೇಕೆಂದೂ ಇಲ್ಲ. ಪರೀಕ್ಷೆಯಲ್ಲಿ ಶುದ್ಧವೆಂದು ಸಾಬೀತಾದ ನಾಯಿಯೊಡನೆ ಕೂಡಿಸಿದರೆ ಅದರ ಒಂದು ಮರಿಯೂ ಈ ರೋಗದಿಂದ ಕುರುಡಾಗದು.

ಸೊಂಟದ ಕೀಲಿನ ರೋಗ ಇದಕ್ಕಿಂತ ಜಟಿಲ. ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್‌ನಂಥ ದೊಡ್ಡ ನಾಯಿಗಳಲ್ಲಿ ತೊಡೆಮೂಳೆಯ ತಲೆ ಸೊಂಟದ ಕುಳಿಯಲ್ಲಿ ಸರಿಯಾಗಿ ಕೂರುವುದಿಲ್ಲ. ಸಡಿಲವಾಗಿ ಉಜ್ಜಿ ಉಜ್ಜಿ ಸವೆಯುತ್ತದೆ. ನಾಯಿ ಮೊಲದಂತೆ ಕುಪ್ಪಳಿಸಿ ಓಡುತ್ತದೆ, ಮೆಟ್ಟಿಲು ಹತ್ತಲು ಹಿಂಜರಿಯುತ್ತದೆ, ಕೊನೆಗೆ ಏಳಲಾರದೆ ನರಳುತ್ತದೆ. ಇದಕ್ಕೆ ಒಂದೇ ಜೀನ್ ಕಾರಣವಲ್ಲ. ಅನೇಕ ಜೀನ್‌ಗಳು, ಮರಿಯಿದ್ದಾಗಿನ ಅತಿಯಾದ ಆಹಾರ, ಹೆಚ್ಚಿದ ತೂಕ ಎಲ್ಲವೂ ಸೇರುತ್ತವೆ. ಹೀಗಾಗಿ ಡಿಎನ್‌ಎ ಪರೀಕ್ಷೆಯಿಂದ ಇದು ತಿಳಿಯದು. ತಂದೆತಾಯಿ ನಾಯಿಗಳಿಗೆ ಮಂಪರು ಕೊಟ್ಟು ಸೊಂಟದ ಎಕ್ಸ್‌ರೇ ತೆಗೆಸಬೇಕು. ಅಮೆರಿಕದಲ್ಲಿ 1966ರಲ್ಲಿ ಈ ಉದ್ದೇಶಕ್ಕೆಂದೇ ಸ್ಥಾಪಿತವಾದ ಸಂಸ್ಥೆಯೊಂದು 24 ತಿಂಗಳು ತುಂಬಿದ ನಾಯಿಗೆ ಮಾತ್ರ ಅಂತಿಮ ಪ್ರಮಾಣಪತ್ರ ನೀಡುತ್ತದೆ. ಒಂಬತ್ತು ತಿಂಗಳಿಗೇ ಮೊದಲ ಬೆದೆಯಲ್ಲಿ ಹೆಣ್ಣುನಾಯಿಯನ್ನು ಕೂಡಿಸುವವರು ಇದನ್ನು ಕೇಳಿಸಿಕೊಳ್ಳಬೇಕು. ತಂದೆತಾಯಿಗಳ ಕೀಲು ಉತ್ತಮವಿದ್ದರೆ ಮರಿಗಳಿಗೆ ರೋಗ ಬರುವುದೇ ಇಲ್ಲವೆಂದಲ್ಲ, ಸಂಭವ ಬಹಳ ತಗ್ಗುತ್ತದೆ. ಮನುಷ್ಯನ ಹೊಣೆ ಅಷ್ಟೇ. ಉಳಿದದ್ದು ಅಲ್ಲಾಹನ ಕೈಯಲ್ಲಿದೆ.

ಇನ್ನು ಪಗ್ ನಾಯಿ. 2003ರಲ್ಲಿ ಮೊಬೈಲ್ ಕಂಪೆನಿಯೊಂದರ ಜಾಹೀರಾತಿನಲ್ಲಿ ಹುಡುಗನ ಹಿಂದೆ ಹಿಂದೆ ಓಡುತ್ತಿದ್ದ ಆ ನಾಯಿಯನ್ನು ನೋಡಿ ದೇಶಕ್ಕೆ ದೇಶವೇ ಅದರ ಮರಿಗಾಗಿ ಮುಗಿಬಿತ್ತು. ಚಪ್ಪಟೆ ಮುಖ ಮುದ್ದಾಗಿ ಕಾಣುತ್ತದೆಂದು ತಲೆಮಾರುಗಳಿಂದ ಇನ್ನೂ ಚಪ್ಪಟೆ, ಇನ್ನೂ ಚಪ್ಪಟೆ ಎಂದು ಆರಿಸಿ ಆರಿಸಿ ಮರಿ ಮಾಡಿಸಿದರು. ಮೂಗಿನ ಹೊಳ್ಳೆ ಕಿರಿದಾಯಿತು. ಅಂಗುಳ ಉದ್ದವಾಗಿ ಉಸಿರಿನ ದಾರಿಗೆ ಅಡ್ಡವಾಯಿತು. ನಾಯಿಗೆ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ, ಏದುಸಿರಿನಿಂದಲೇ ಅದು ಮೈ ತಂಪು ಮಾಡಿಕೊಳ್ಳಬೇಕು. ಉಸಿರೇ ಆಡದ ಪ್ರಾಣಿ ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ಏನು ಮಾಡೀತು? ಅದು ಗೊರಕೆ ಹೊಡೆಯುತ್ತದೆಂದು ಮಕ್ಕಳು ನಗುತ್ತಾರೆ. ಅದು ಗೊರಕೆಯಲ್ಲ, ಗಾಳಿಗಾಗಿ ಪರದಾಟ.

ಡಾಬರ್‌ಮನ್ ಮರಿಯ ಕಿವಿ ಕತ್ತರಿಸಿ ನೆಟ್ಟಗೆ ನಿಲ್ಲಿಸುವುದನ್ನು ಇಲ್ಲಿ ಸೇರಿಸಿ ಹೇಳಬೇಕು. ಶೈತಾನನು ಮನುಷ್ಯರನ್ನು ದಾರಿಗೆಡಿಸುವುದಾಗಿ ಶಪಥ ಮಾಡಿದ ಪ್ರಸಂಗ ಸೂರಃ ಅನ್ನಿಸಾದಲ್ಲಿ ಬರುತ್ತದೆ. ಜಾನುವಾರುಗಳ ಕಿವಿ ಕತ್ತರಿಸುವಂತೆ ಮಾಡುತ್ತೇನೆ ಎಂಬುದು ಅವನು ಎಣಿಸಿದ ಕೃತ್ಯಗಳಲ್ಲೊಂದು. ಅಂದು ಅರಬರು ಅದನ್ನು ದೇವರ ಹೆಸರಿನಲ್ಲಿ ಮಾಡುತ್ತಿದ್ದರು, ಇಂದು ಅಂದದ ಹೆಸರಿನಲ್ಲಿ ನಡೆಯುತ್ತಿದೆ.

ಒಂದು ಹದೀಸ್ ತಳಿ ಮಾಡಿಸುವವರಿಗೆ ನೇರವಾಗಿ ತಟ್ಟುವಂಥದ್ದು. ಗಂಡು ಪ್ರಾಣಿಯನ್ನು ಕೂಡಿಸಲು ಬಿಟ್ಟು ಬಾಡಿಗೆ ಪಡೆಯುವುದನ್ನು ಪ್ರವಾದಿವರ್ಯರು(ಸ) ತಡೆದರೆಂದು ಇಬ್ನು ಉಮರ್(ರ) ವರದಿ ಮಾಡಿದ್ದಾರೆ. ಬಹುಪಾಲು ವಿದ್ವಾಂಸರು ಇದನ್ನು ನಿಷಿದ್ಧವೆಂದೇ ತಿಳಿದರು. ಷರತ್ತಿಲ್ಲದೆ ಪ್ರೀತಿಯಿಂದ ಕೊಡುವ ಉಡುಗೊರೆಗೆ ಅವಕಾಶವಿದೆ. ಇದರ ಹಿಂದಿನ ವಿವೇಕವನ್ನು ವಿದ್ವಾಂಸರು ಬೇರೆ ಬೇರೆ ರೀತಿಯಲ್ಲಿ ವಿವರಿಸಿದ್ದಾರೆ. ನಮ್ಮ ಕಾಲದಲ್ಲಿ ಅದರ ಒಂದು ಫಲ ಕಣ್ಣಿಗೆ ಕಾಣುತ್ತದೆ. ಪ್ರದರ್ಶನದಲ್ಲಿ ಗೆದ್ದ ಒಂದೇ ಗಂಡುನಾಯಿಯನ್ನು ಊರೂರಿಗೆ ಬಾಡಿಗೆಗೆ ಓಡಿಸಿದಾಗ ಅದರ ಒಡಲಲ್ಲಿ ಅಡಗಿದ ದೋಷ ನೂರಾರು ಮರಿಗಳಿಗೆ ಹರಡುತ್ತದೆ. ಆ ಮರಿಗಳು ಬೆಳೆದು, ಗೊತ್ತಿಲ್ಲದೆಯೇ ಅಣ್ಣ ತಂಗಿಯರನ್ನು ಕೂಡಿಸುವಂತಾಗುತ್ತದೆ.

ಅಂಟುರೋಗದ ಬಗ್ಗೆಯೂ ಹದೀಸ್‌ನಲ್ಲಿ ಎಚ್ಚರಿಕೆಯಿದೆ. ರೋಗಗ್ರಸ್ತ ಒಂಟೆಗಳನ್ನು ಆರೋಗ್ಯವಂತ ಒಂಟೆಗಳ ನಡುವೆ ನೀರಿಗೆ ತರಬಾರದೆಂದು ಅವುಗಳ ಒಡೆಯರಿಗೆ ಆಜ್ಞಾಪಿಸಲಾಗಿದೆ. ನಾಯಿಗಳಲ್ಲಿ ಬ್ರುಸೆಲ್ಲಾ ಎಂಬ ರೋಗಾಣು ಕೂಡಿಸುವಾಗಲೇ ಹರಡುತ್ತದೆ. ಗರ್ಭಪಾತ, ಬಂಜೆತನ ಉಂಟುಮಾಡುತ್ತದೆ. ಒಮ್ಮೆ ಹೊಕ್ಕರೆ ಪೂರ್ತಿ ಹೊರಹಾಕುವುದು ಬಹಳ ಕಷ್ಟ. ಮರಿ ಹಾಕಿಸುವಾಗ ಸ್ರಾವ ಮುಟ್ಟಿದ ಮನುಷ್ಯರಿಗೂ ತಗಲಬಲ್ಲದು. ಗಂಡು ಹೆಣ್ಣು ಎರಡಕ್ಕೂ ಮೊದಲೇ ರಕ್ತಪರೀಕ್ಷೆ ಮಾಡಿಸುವುದು ಆ ಆಜ್ಞೆಯ ಪಾಲನೆಯೇ ಅಲ್ಲವೇ?

ಇಷ್ಟೆಲ್ಲ ಪರೀಕ್ಷೆ ಮಾಡಿಸಿದರೆ ಲಾಭವೆಲ್ಲಿ ಎಂಬ ಪ್ರಶ್ನೆ ಬಂದೇ ಬರುತ್ತದೆ. ಬಡವನೊಬ್ಬ ಕೇಳಿದರೆ ಅದರಲ್ಲಿ ತಪ್ಪಿಲ್ಲ, ಖರ್ಚು ನಿಜಕ್ಕೂ ಇದೆ. ಆದರೆ ಉತ್ತರವನ್ನು ಪೇಟೆಯಲ್ಲೇ ಹುಡುಕೋಣ. ಮದೀನಾದ ಪೇಟೆಯಲ್ಲಿ ಪ್ರವಾದಿವರ್ಯರು(ಸ) ಧಾನ್ಯದ ರಾಶಿಯೊಳಗೆ ಕೈಹಾಕಿದಾಗ ಬೆರಳಿಗೆ ತೇವ ತಗಲಿತು. ಮಳೆಗೆ ನೆನೆಯಿತೆಂದು ವ್ಯಾಪಾರಿ ಕಾರಣ ಹೇಳಿದ. ಮಳೆ ಅವನ ತಪ್ಪಾಗಿರಲಿಲ್ಲ. ನೆನೆದದ್ದನ್ನು ಜನರಿಗೆ ಕಾಣುವಂತೆ ಮೇಲೆ ಇಡದಿದ್ದುದು ಅವನ ತಪ್ಪಾಗಿತ್ತು. ಮೋಸ ಮಾಡುವವನು ನಮ್ಮವನಲ್ಲ ಎಂಬ ಕಠಿಣ ಎಚ್ಚರಿಕೆ ಬಂದದ್ದು ಆಗಲೇ. ಹಾಲು ಕರೆಯದೆ ಕೆಚ್ಚಲು ಕಟ್ಟಿ, ಬಹಳ ಹಾಲಿನ ಪ್ರಾಣಿಯೆಂದು ನಂಬಿಸಿ ಮಾರುವುದನ್ನೂ ಅವರು ತಡೆದರು; ಹಾಗೆ ಮೋಸಹೋದವನಿಗೆ ಹಿಂದಿರುಗಿಸುವ ಹಕ್ಕು ಕೊಟ್ಟರು. ಒಡಲಲ್ಲಿ ರೋಗವಿದ್ದೀತೆಂದು ತಿಳಿದೂ ಪರೀಕ್ಷಿಸದೆ, ಬಣ್ಣದ ಪಟ್ಟಿ ಕಟ್ಟಿ ಮರಿ ಮಾರುವುದು ಆ ಕೆಚ್ಚಲಿಗಿಂತ ಎಷ್ಟು ಭಿನ್ನ? ಪರೀಕ್ಷೆ ಬೇಡವೆನ್ನುವವನು ಖರ್ಚನ್ನು ಉಳಿಸುವುದಿಲ್ಲ, ಮರಿ ಕೊಂಡವನ ತಲೆಗೆ ದಾಟಿಸುತ್ತಾನೆ.

ಸರ್ಕಾರವೂ ಸುಮ್ಮನಿಲ್ಲ. ನಾಯಿಗಳ ತಳಿ ಮತ್ತು ಮಾರಾಟದ ಬಗ್ಗೆ ಕೇಂದ್ರವು 2017ರಲ್ಲಿ ನಿಯಮಗಳನ್ನು ತಂದಿದೆ. ಮರಿ ಮಾಡಿಸುವವರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಬೇಕು. ಹೆಣ್ಣುನಾಯಿಗೆ 18 ತಿಂಗಳು ತುಂಬುವ ಮುನ್ನ ಮರಿ ಮಾಡಿಸುವಂತಿಲ್ಲ, 8 ವರ್ಷ ದಾಟಿದ ಬಳಿಕವೂ ಇಲ್ಲ. ವರ್ಷಕ್ಕೆ ಒಂದೇ ಸಲ, ಜೀವಮಾನದಲ್ಲಿ 5 ಸಲಕ್ಕಿಂತ ಹೆಚ್ಚಿಲ್ಲ. 8 ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ತಾಯಿಯನ್ನೂ ಮರಿಯನ್ನೂ ಅಗಲಿಸುವ ನೋವು ಪ್ರವಾದಿವರ್ಯರಿಗೆ(ಸ) ಎಷ್ಟು ತಟ್ಟುತ್ತಿತ್ತೆಂಬುದು ಮರಿಗಳನ್ನು ಕಳೆದುಕೊಂಡು ರೆಕ್ಕೆ ಬಡಿಯುತ್ತಿದ್ದ ಹಕ್ಕಿಯ ಹದೀಸ್‌ನಿಂದ ನಮಗೆ ತಿಳಿದಿದೆ. ಮರಿಗಳನ್ನು ಹಿಂದಿರುಗಿಸಿರೆಂದು ಅವರು ಸಹಾಬಿಗಳಿಗೆ ಅಪ್ಪಣೆ ಮಾಡಿದ್ದರು.

ನಮ್ಮದೇ ನಾಡಿನ ಮುಧೋಳ ನಾಯಿಯನ್ನು ಇಲ್ಲಿ ನೆನೆಯುವುದು ಅನುಚಿತವಲ್ಲ. ಬಾಗಲಕೋಟೆ ಜಿಲ್ಲೆಯ ಈ ತೆಳುಮೈಯ, ಉದ್ದಕಾಲಿನ ಬೇಟೆನಾಯಿಯ ಹಿಂದೆ ಅರಬರ ಸಲೂಕಿಯಂಥ ನಾಯಿಗಳ ರಕ್ತವಿದೆ ಎನ್ನಲಾಗುತ್ತದೆ. 2005ರಲ್ಲಿ ಅಂಚೆ ಇಲಾಖೆ ಇದರ ಅಂಚೆಚೀಟಿ ಹೊರತಂದಿತು. ಮುಧೋಳ ಸಮೀಪದ ತಿಮ್ಮಾಪುರದಲ್ಲಿ ಬೀದರ್‌ನ ಪಶುವೈದ್ಯ ವಿಶ್ವವಿದ್ಯಾಲಯದ ಸಂಶೋಧನಾ ಕೇಂದ್ರವೇ ಇದೆ. ಓಡುವುದಕ್ಕಾಗಿ, ಕೆಲಸಕ್ಕಾಗಿ ಬೆಳೆದುಬಂದ ತಳಿ ಅದು. ಉಸಿರಾಡಲಾಗದ ಮುಖವನ್ನು ಅದಕ್ಕೆ ಯಾರೂ ಹೊರಿಸಲಿಲ್ಲ. ಆದರೆ ಬೇಡಿಕೆ ಏರಿತೆಂದು ಒಂದೇ ಮನೆತನದ ನಾಯಿಗಳನ್ನು ಮತ್ತೆ ಮತ್ತೆ ಕೂಡಿಸಿದರೆ ಇದಕ್ಕೂ ಅದೇ ಗತಿ ಬಂದೀತು. ಯಾವ ಮರಿ ಯಾವ ತಂದೆತಾಯಿಯದು ಎಂದು ಬರೆದಿಡುವ ಒಂದು ಪುಸ್ತಕಕ್ಕೆ ಎಷ್ಟು ಖರ್ಚಾದೀತು?

ಮರಿ ಹೆತ್ತು ಹೆತ್ತು ಸೊರಗಿದ ಹೆಣ್ಣುನಾಯಿಯ ಪಾಡು ಹೇಳದೆ ಮುಗಿಸಲಾಗದು. ಲಾಭ ನಿಂತ ದಿನ ಅದನ್ನು ಊರಾಚೆ ಬಿಟ್ಟು ಬರುವವರಿದ್ದಾರೆ. ಕೈಯಿಂದ ಅನ್ನ ತಿಂದು ಬೆಳೆದ ಪ್ರಾಣಿಗೆ ತಿಪ್ಪೆ ಕೆದಕಲೂ ಬಾರದು. ಅನ್ಸಾರಿಯೊಬ್ಬರ ತೋಟದಲ್ಲಿ ಒಂಟೆಯೊಂದು ಪ್ರವಾದಿವರ್ಯರನ್ನು(ಸ) ಕಂಡು ಕಣ್ಣೀರು ಸುರಿಸಿತು. ಅವರು ಅದರ ತಲೆ ಸವರಿ ಸಂತೈಸಿ, ಒಡೆಯನನ್ನು ಕರೆಸಿದರು. ಹಸಿವಿನಲ್ಲಿಟ್ಟು ದುಡಿಸುತ್ತಿದ್ದಾನೆಂದು ಅದು ತನ್ನಲ್ಲಿ ದೂರಿದೆ ಎಂದು ತಿಳಿಸಿ, ಅಲ್ಲಾಹನು ಒಡೆತನಕ್ಕೆ ಕೊಟ್ಟ ಪ್ರಾಣಿಯ ವಿಷಯದಲ್ಲಿ ಅವನನ್ನು ಭಯಪಡಬೇಡವೇ ಎಂದು ಕೇಳಿದರು. ಸಾಕಿದವರು ಆ ಹೆಣ್ಣುನಾಯಿಗೆ ಸಂತಾನಹರಣ ಚಿಕಿತ್ಸೆ ಮಾಡಿಸಿ, ಸಾಯುವವರೆಗೆ ಅನ್ನ ನೀರು ಕೊಟ್ಟು ಇಟ್ಟುಕೊಳ್ಳಲಿ, ಇಲ್ಲವೇ ಹಾಗೆ ನೋಡಿಕೊಳ್ಳುವ ಮನೆಯನ್ನು ಹುಡುಕಲಿ. ಕಾವಲಿಗೆಂದು ಮರಿ ತರಲು ಹೊರಟವರು ಮೊದಲು ಆ ತಾಯಿಯನ್ನು ತೋರಿಸಲು ಹೇಳಲಿ, ಆಮೇಲೆ ತಂದೆತಾಯಿ ಎರಡರ ಪರೀಕ್ಷೆಯ ಕಾಗದಗಳನ್ನು ಕೇಳಲಿ. ಎರಡನ್ನೂ ತೋರಿಸಲು ಒಪ್ಪದವರ ಮನೆಯಿಂದ ಬರಿಗೈಯಲ್ಲಿ ಹಿಂದಿರುಗಲಿ.