ಗಾಜಿನ ಪೆಟ್ಟಿಗೆಯ ಹೆಣ್ಣುಮಗಳು

ಸತ್ತು ಎಷ್ಟು ವರ್ಷವಾದರೆ ಮನುಷ್ಯರು ವಸ್ತುವಾಗುತ್ತಾರೆ? ಹೈದರಾಬಾದಿಗೆ ಹೋದ ನಮ್ಮ ಕಲಬುರಗಿಯ ಹೆಣ್ಣುಮಕ್ಕಳು ಬಳೆ, ಮುತ್ತು ಕೊಳ್ಳುವುದರ ನಡುವೆ ಪಬ್ಲಿಕ್ ಗಾರ್ಡನ್ನಿನ ಮ್ಯೂಜಿಯಂಗೂ ಹೋಗಿಬರುವುದುಂಟು. ಅಲ್ಲಿ ಗಾಜಿನ ಪೆಟ್ಟಿಗೆಯಲ್ಲಿ ಈಜಿಪ್ತಿನ ಹೆಣ್ಣುಮಗಳೊಬ್ಬಳ ಮಮ್ಮಿ ಇದೆ. ಹೆಸರು ನೈಶು, ರಾಜಕುಮಾರಿ ಎನ್ನುತ್ತಾರೆ. ಸತ್ತು 2000 ವರ್ಷಗಳ ಮೇಲಾಯಿತು. 1930ರಲ್ಲಿ ಅದನ್ನು ಮ್ಯೂಜಿಯಂಗೆ ಕೊಟ್ಟವರು ನಿಜಾಮ ಮೀರ್ ಉಸ್ಮಾನ್ ಅಲಿ ಖಾನರು. 1948ರವರೆಗೆ ನಾವೂ ಅದೇ ಸಂಸ್ಥಾನದವರು. ಒಂದು ಲೆಕ್ಕದಲ್ಲಿ ಆಕೆ ನಮ್ಮ ಮನೆಗೇ ಬಂದ ಪರದೇಶಿ.

ನಮ್ಮಲ್ಲಿ ಹೆಂಗಸು ತೀರಿಕೊಂಡರೆ ಸೀರೆ ಅಡ್ಡ ಹಿಡಿದು ಹೆಂಗಸರೇ ಮೈ ತೊಳೆಯುತ್ತಾರೆ. ಉಸಿರು ಹೋದರೂ ಮಾನ ಹೋಗುವುದಿಲ್ಲ ಎಂಬ ತಿಳಿವಳಿಕೆ ಅದು. ಈಕೆಯವರೂ ಹಾಗೆಯೇ ಮೈತುಂಬ ಬಟ್ಟೆ ಸುತ್ತಿ, ಕತ್ತಲೆಯಲ್ಲಿ ಮಲಗಿಸಿ ಬಂದಿದ್ದರು. ಟಿಕೇಟು ತೆಗೆಸಿ ನೋಡುವ ಹಕ್ಕನ್ನು ನಮಗೆ ಕೊಟ್ಟವರು ಯಾರು?

"ಅದೆಲ್ಲ ಹಳೇ ಕಾಲದ್ದಲ್ಲ, ಈಗ್ಯಾಕ ಆ ಮಾತು?" ಎನ್ನುತ್ತಾರೆ ನಮ್ಮ ವೈನಿ. ಆದರೆ ಅವರ ತವರು ಕಮಲಾಪುರದ ಹೊಲದಲ್ಲಿ ಒಂದು ಹಳೆಯ ಗದ್ದುಗೆಯಿದೆ. ಅಲ್ಲಿ ಮಲಗಿದ ಮುದುಕಿಯ ಹೆಸರು ಮನೆಯವರಿಗೇ ಮರೆತುಹೋಗಿದೆ. ಆದರೂ ನೇಗಿಲು ಅದನ್ನು ಬಳಸಿಕೊಂಡೇ ಹೋಗುತ್ತದೆ. ಅಮಾವಾಸ್ಯೆಗೆ ಎಡೆ ಹೋಗುತ್ತದೆ, ತೋಟದ ಕೆಂಪು ಬಾಳೆಹಣ್ಣು ಬಂದ ದಿನ ಒಂದು ಅಲ್ಲಿಗೂ ಮುಟ್ಟುತ್ತದೆ. ಕಲಬುರಗಿಯ ಹಫ್ತ್ ಗುಂಬಜ್‌ನಲ್ಲಿ 1422ರಲ್ಲಿ ತೀರಿಕೊಂಡ ಫಿರೋಜ್ ಶಹಾ ಬಹಮನಿ ಮಲಗಿದ್ದಾನೆ. ನಾವು ಗುಂಬಜ್ ನೋಡುತ್ತೇವೆ. ಗೋರಿ ತೆರೆದು ತೋರಿಸಿ ಎನ್ನುವುದಿಲ್ಲ. ಹೆಸರು ಮರೆತರೂ, ವರ್ಷ 600 ಆದರೂ ಮರ್ಯಾದೆ ತೀರಲಿಲ್ಲ. ಹಾಗಾದರೆ ಕಾಲ ದೊಡ್ಡ ನೆಪವಲ್ಲ. ದೂರದ ಊರಿನವಳು, ಕೇಳುವವರಿಲ್ಲ ಎಂಬುದೇ ಅಸಲು ಕಾರಣವಿರಬೇಕು.

ಮ್ಯೂಜಿಯಂಗಳ ಪರವಾಗಿಯೂ ಮಾತಿದೆ. ಒಂದು ಕಾಲಕ್ಕೆ ಯುರೋಪಿನಲ್ಲಿ ಮಮ್ಮಿಗಳನ್ನು ಪುಡಿಮಾಡಿ ಔಷಧಕ್ಕೂ ಬಣ್ಣಕ್ಕೂ ಬಳಸಿದರು. ಅದಕ್ಕಿಂತ ಗಾಜಿನ ಪೆಟ್ಟಿಗೆ ಸಾವಿರ ಪಾಲು ಮೇಲು. 2020ರ ಆಗಸ್ಟಿನಲ್ಲಿ ಜೈಪುರದ ಆಲ್ಬರ್ಟ್ ಹಾಲ್ ಮ್ಯೂಜಿಯಂಗೆ ಮಳೆನೀರು ನುಗ್ಗಿದಾಗ, ಅರ್ಚಕ ಮನೆತನದ ತುತು ಎಂಬಾಕೆಯ ಮಮ್ಮಿಯನ್ನು ಸಿಬ್ಬಂದಿ ಗಾಜು ಒಡೆದು ಎತ್ತಿ ಉಳಿಸಿದರು. ಕಾಪಾಡುವುದೂ ಮರ್ಯಾದೆಯೇ. ಆದರೆ ಕಾಪಾಡಿದ್ದನ್ನೆಲ್ಲ ಬಿಚ್ಚಿ ತೋರಿಸಲೇಬೇಕೆಂದಿಲ್ಲ.

ಪ್ರಾಚೀನ ಈಜಿಪ್ತಿನವರು ಸಮಾಧಿಯ ಕಲ್ಲಿನ ಮೇಲೆ ದಾರಿಹೋಕರಿಗೆ ಬೇಡಿಕೆ ಬರೆಯುತ್ತಿದ್ದರು: ಸತ್ತವರ ಹೆಸರು ಹೇಳಿ, ಅವರಿಗೆ ರೊಟ್ಟಿ ಸಿಗಲೆಂದು ಹರಸಿ, ಎಂದು. ಹೆಸರು ನಾಲಿಗೆಯ ಮೇಲಿರುವವರೆಗೆ ಸತ್ತವರಿಗೆ ಬಾಳುಂಟೆಂದು ಅವರ ನಂಬಿಕೆ. ಅಂದರೆ ಆಕೆ ಬಯಸಿದ್ದು ನಮ್ಮ ಕಣ್ಣನ್ನಲ್ಲ, ಬಾಯಿಮಾತನ್ನು. ಪೆಟ್ಟಿಗೆ ಮುಚ್ಚಿಸುವುದು ನನ್ನ ನಿಮ್ಮ ಕೈಯಲ್ಲಿಲ್ಲ. ಆದರೆ ಮಕ್ಕಳನ್ನು ಕರೆದೊಯ್ದಾಗ "ಮಮ್ಮಿ ನೋಡ್ರಿ" ಎನ್ನುವ ಬದಲು "ಈಕಿ ಹೆಸರು ನೈಶು" ಎನ್ನಬಹುದಲ್ಲ? ವಸ್ತುವಿಗೂ ಮನುಷ್ಯರಿಗೂ ನಡುವಿನ ಅಂತರ ಎಷ್ಟೋ ಸಲ ಅಷ್ಟೇ ಇರುತ್ತದೆ.